ಏರ್ ಫ್ರೈಯರ್: ಆಲೂಗಡ್ಡೆಗೆ ಸೈ, ಸಂಡಿಗೆಗೆ ಬೇಡ

ಹಾಸನದ ನಮ್ಮ ಮನೆಗೆ 4.1 ಲೀಟರಿನ, 1400 ವ್ಯಾಟಿನ ಏರ್ ಫ್ರೈಯರ್ ಬಂದು ಎರಡು ವರ್ಷದ ಮೇಲಾಯ್ತು. ಮೊದಮೊದಲು ಕಂಡದ್ದನ್ನೆಲ್ಲ ಅದರೊಳಗೆ ತುರುಕಿ ನೋಡಿದ್ದಾಯ್ತು. ಬಜ್ಜಿ ಹಿಟ್ಟು ಜಾಲರಿಯಿಂದ ತೊಟ್ಟಿಕ್ಕಿತು, ಅಕ್ಕಿ ಸಂಡಿಗೆ ಅರಳಲೇ ಇಲ್ಲ, ಹಪ್ಪಳ ಫ್ಯಾನಿನ ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ಹೋಗಿ ಬಡಿಯಿತು. ಕರಿಯುವುದಕ್ಕೆ ಬಾಣಲೆಯೇ ಸರಿ.

ಆದರೂ ಮಾರಿಬಿಡೋಣ ಅನ್ನಿಸಿಲ್ಲ. ಕಾರಣ, ಬುಡ ಬಿಡಿಸದೆ ಸೀಳಿ ಬೇಯಿಸುವ ಇಡೀ ಆಲೂಗಡ್ಡೆ. ಸ್ಟಾಕ್‌ಹೋಮ್‌ನ ಹಾಸೆಲ್‌ಬ್ಯಾಕೆನ್ ಹೋಟೆಲಿನ ಹೆಸರು ಹೊತ್ತ ಸ್ವೀಡನ್ನಿನ ಅಡುಗೆ ಅದು. ಅವರದು ಓವನ್ನು, ಬೆಣ್ಣೆ, ಬ್ರೆಡ್ ಪುಡಿ. ನಮ್ಮದು ತುಪ್ಪ, ಬೆಳ್ಳುಳ್ಳಿ, ಸಕಲೇಶಪುರದ ಕಡೆಯ ಕಾಳುಮೆಣಸು.

ಈಳಿಗೆಮಣೆಯಲ್ಲಿ ಇದು ಆಗುವ ಕೆಲಸವಲ್ಲ, ಚಾಕುವೇ ಬೇಕು. ಗಡ್ಡೆಯ ಆಚೆ ಈಚೆ ಎರಡು ಮರದ ಸೌಟಿನ ಹಿಡಿ ಇಟ್ಟುಕೊಂಡರೆ ಚಾಕು ಅಲ್ಲಿಗೆ ತಗಲಿ ನಿಲ್ಲುತ್ತದೆ, ಬುಡ ತುಂಡಾಗುವುದಿಲ್ಲ. ಸೀಳು ಮೂರು ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಹತ್ತು ನಿಮಿಷ ತಣ್ಣೀರಲ್ಲಿ ಬಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಹಿಟ್ಟಿನಂಶ ಹೋಗದಿದ್ದರೆ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಒಳಗೆ ಮೆತ್ತಗೇ ಉಳಿಯುತ್ತವೆ. ಮೊದಲು 170 ಡಿಗ್ರಿಯಲ್ಲಿ 18 ನಿಮಿಷ. ಅಷ್ಟರಲ್ಲಿ ಎಸಳು ಬಿಚ್ಚಿಕೊಂಡಿರುತ್ತದೆ, ಬ್ರಷ್ಷಿನಲ್ಲಿ ತುಪ್ಪವನ್ನು ಸೀಳಿನೊಳಗೇ ಇಳಿಸಿ. ಆಮೇಲೆ 190ರಲ್ಲಿ 15 ನಿಮಿಷ. ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಏನಿದ್ದರೂ ಕೊನೆಯ ನಾಲ್ಕು ನಿಮಿಷಕ್ಕೆ. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ. ಅಂಚು ಕಟುಮ್ ಅನ್ನಬೇಕು, ಬುಡ ಬೆಣ್ಣೆಯ ಹಾಗೆ ಚಮಚಕ್ಕೆ ಬರಬೇಕು.

ಈ ಲೆಕ್ಕ ಎಲ್ಲ ಗಡ್ಡೆಗೂ ನಡೆಯುವುದಿಲ್ಲ. ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಈ ಮಾತೇ ಇಲ್ಲ. ನಮ್ಮ ಕಡೆ ಪಂಜಾಬಿನಿಂದ ಬಂದ ಬಿತ್ತನೆ ಗಡ್ಡೆಯನ್ನು ಮುಂಗಾರಿಗೆ ಹಾಕಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಕೀಳುತ್ತಾರೆ. ಆ ಹೊಸ ಗಡ್ಡೆಯ ಸಿಪ್ಪೆ ಹೆಬ್ಬೆರಳಲ್ಲಿ ತಿಕ್ಕಿದರೆ ಸುಲಿದು ಬರುತ್ತದೆ. ನೀರು ಜಾಸ್ತಿ, ಹಾಗಾಗಿ ಗರಿಗರಿಯಾಗಲು ಇನ್ನೂ ಐದಾರು ನಿಮಿಷ ಕೇಳುತ್ತದೆ, ಆದರೆ ಬಣ್ಣ ಸೊಗಸಾಗಿ ಬರುತ್ತದೆ. ಉಳಿದ ತಿಂಗಳು ಕಟ್ಟಿನಕೆರೆ ಮಾರ್ಕೆಟ್ಟಿನಿಂದ ತಂದದ್ದರಲ್ಲಿ ಕೋಲ್ಡ್ ಸ್ಟೋರೇಜಿನ ಮಾಲು ಸಿಕ್ಕಿಬಿಟ್ಟರೆ ಕಷ್ಟ. ಹೆಚ್ಚು ತಂಪಿನಲ್ಲಿ ಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಅಂಥದ್ದು 190ರಲ್ಲಿ ಮೇಲೆ ಕಪ್ಪಾಗಿ ಒಳಗೆ ಹಸಿಯಾಗಿರುತ್ತದೆ. ಅದಕ್ಕೆ 170 ದಾಟಿಸಬೇಡಿ, ನಿಧಾನಕ್ಕೆ ಬೇಯಲಿ. ಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬಾರದು ಅನ್ನುವುದೂ ಇದಕ್ಕೇ. ಕಪ್ಪಾದಷ್ಟೂ ಅಕ್ರಿಲಮೈಡ್ ಅನ್ನುವ, ಮೈಗೆ ಒಳ್ಳೆಯದಲ್ಲದ ರಾಸಾಯನಿಕ ಹೆಚ್ಚು. ಬೇಯಿಸಿದ ಆಹಾರದಲ್ಲಿ ಅದು ಇದೆ ಎಂದು 2002ರಲ್ಲಿ ಹೇಳಿದವರೂ ಸ್ವೀಡನ್ನಿನವರೇ.

ಕರೆಂಟು? ಒಂದು ಸುತ್ತಿಗೆ ಹೆಚ್ಚೆಂದರೆ 0.8 ಯೂನಿಟ್. ಗೃಹಜ್ಯೋತಿಯ ಮಿತಿ ಅಂಚಿಗೆ ಬಂದವರು ಮಾತ್ರ ಯೋಚಿಸಲಿ. ಮಳೆಗಾಲದ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಕಾಯಿಲ್ ಕೊಡುವ ಶಾಖ ಹತ್ತಿರಹತ್ತಿರ ಶೇ. 40ರಷ್ಟು ಬಿದ್ದುಹೋಗುತ್ತದೆ, ಟೈಮರ್ ನಂಬದೆ ಕಣ್ಣಲ್ಲಿ ನೋಡಿ ತೆಗೆಯಿರಿ. 16 ಆಂಪ್ಸ್ ಪ್ಲಗ್ಗಿಗೇ ಹಾಕಿ.

ಬೇಜಾರಿನ ವಿಷಯ ಜಾಲರಿಯದು. ಅದರ ನಾಲ್ಕು ಮೂಲೆಯ ರಬ್ಬರ್ ಗುಬಟುಗಳು ಬಿಸಿಗೆ ಗಟ್ಟಿಯಾಗಿ ಒಂದೊಂದೇ ಉದುರಿದವು. ಆಮೇಲೆ ಲೋಹ ನೇರ ಬುಟ್ಟಿಗೆ ಉಜ್ಜಿ, ಮೆತ್ತನೆ ಸ್ಪಂಜಿನಲ್ಲೇ ತೊಳೆಯುತ್ತಿದ್ದರೂ ನಾನ್‌ಸ್ಟಿಕ್ ಲೇಪ ಎದ್ದಿತು. ವಾರಂಟಿಗೆ ಬುಟ್ಟಿ ಸೇರುವುದಿಲ್ಲವಂತೆ. ಹೊಸದನ್ನು ದುಡ್ಡು ಕೊಟ್ಟು ಬೆಂಗಳೂರಿಂದ ತರಿಸಿದ್ದು. ಕೊಳ್ಳುವ ಮುಂಚೆ ಬಿಡಿ ಬುಟ್ಟಿ, ರಬ್ಬರು ಸಿಗುತ್ತದಾ ಎಂದು ಅಂಗಡಿಯಲ್ಲೇ ಕೇಳಿ. ಈ ಅಳತೆಯಲ್ಲಿ ಹಿಡಿಯುವುದು ನಾಲ್ಕೈದು ಗಡ್ಡೆ ಮಾತ್ರ. ಮನೆ ತುಂಬ ಜನ ಇದ್ದರೆ ಆರು ಲೀಟರಿನದೇ ನೋಡಿ.