ಥರ್ಡ್ ಏಜ್ ಎರಡು ಬಗೆ, ಫೈನಲ್ ಫ್ಯಾಂಟಸಿ 10 ಒಂದು: ಮೂರನ್ನೂ ಆಡಿ ನೋಡಿದ ಮೇಲೆ

ಮೋರಿಯಾದ ಸೇತುವೆ ಮೇಲೆ ಬಾಲ್‌ರಾಗ್ ಎಂಬ ಬೆಂಕಿಯ ದೈತ್ಯ ಎದುರಾದಾಗ ನನ್ನ ತಂಗಿಯ ಕೈಯಲ್ಲೂ ಒಂದು ಕಂಟ್ರೋಲರ್ ಇತ್ತು. 'ಲಾರ್ಡ್ ಆಫ್ ದ ರಿಂಗ್ಸ್: ದ ಥರ್ಡ್ ಏಜ್' ಆಟದ ಪಿಎಸ್2 (ಪ್ಲೇಸ್ಟೇಷನ್ 2) ಡಿಸ್ಕನ್ನು ನಾನು ಇನ್ನೂ ಜೋಪಾನ ಮಾಡಿಟ್ಟಿರುವುದು ಅದಕ್ಕೇ. ಟರ್ನ್ ಬೇಸ್ಡ್ ಆಟ ಅಂದರೆ ಒಬ್ಬರೇ ಕೂತು ಆಡುವಂಥದ್ದು ಎಂದುಕೊಂಡಿದ್ದೆ. ಇದರಲ್ಲಿ ಕಾಳಗ ಶುರುವಾದರೆ ಇನ್ನೊಬ್ಬರೂ ಸೇರಿಕೊಳ್ಳಬಹುದು. ತಂಡದವರನ್ನು ಹಂಚಿಕೊಂಡು, ಯಾರ ಸರದಿ ಬಂತೋ ಅವರು ಹೊಡೆಯುವುದು.

ಎರಡು ವರ್ಷದಲ್ಲಿ ಮೂರು ಆಟ ಕೊಂಡೆ. ಪಿಎಸ್2ನ ಥರ್ಡ್ ಏಜ್, ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಮೆಷಿನ್‌ಗೆ ಬಂದ ಅದೇ ಹೆಸರಿನ ಕಾರ್ಟ್ರಿಡ್ಜ್, ಆಮೇಲೆ ಪಿಎಸ್2ನದೇ ಫೈನಲ್ ಫ್ಯಾಂಟಸಿ 10. ಮೂರೂ ಸೆಕೆಂಡ್ ಹ್ಯಾಂಡ್. ಮೂರರಲ್ಲೂ ಕಾಳಗ ಸರದಿಯ ಮೇಲೇ ನಡೆಯುತ್ತದೆ. ಯೋಚನೆ ಮಾಡಿ ಒತ್ತಬಹುದು, ಗಡಿಬಿಡಿ ಇಲ್ಲ. ಆಫೀಸಿಂದ ಬಂದು ರಾತ್ರಿ ಒಂದು ಗಂಟೆ ಆಡುವ ನನಗೆ ಅದು ಬೇಕು.

ಕೊಳ್ಳುವಾಗ ಆದ ಎಡವಟ್ಟನ್ನು ಮೊದಲು ಹೇಳುತ್ತೇನೆ. ಇದು ಗೊತ್ತಿದ್ದರೆ ನಿಮ್ಮ ದುಡ್ಡು ಉಳಿಯುತ್ತದೆ.

ನಾನು ತಂದ ಮೊದಲ ಥರ್ಡ್ ಏಜ್ ಡಿಸ್ಕ್ ಓಡಲೇ ಇಲ್ಲ. ಮೆಷಿನ್ ಆನ್ ಮಾಡಿದರೆ ಟಿವಿ ತುಂಬಾ ಕೆಂಪು. ಪ್ಲೇಸ್ಟೇಷನ್ ಅಥವಾ ಪ್ಲೇಸ್ಟೇಷನ್ 2 ಡಿಸ್ಕ್ ಹಾಕಿ ಅನ್ನುವ ಸಾಲು. ಹಾಕಿದ್ದು ಅದೇ ಅಲ್ವಾ! ಡಿಸ್ಕ್ ಹಿಂಬದಿಯಲ್ಲಿ ಒಂದು ಗೀರೂ ಇರಲಿಲ್ಲ. ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿದೆ. ತೆಗೆದು ಹಾಕಿದೆ, ಮತ್ತೆ ತೆಗೆದು ಹಾಕಿದೆ. ಮನೆಯಲ್ಲಿದ್ದ ಬೇರೆ ಡಿಸ್ಕ್‌ಗಳೆಲ್ಲ ಓಡುತ್ತಿದ್ದವು. ಆದರೂ ಲೆನ್ಸ್ ಸವೆದಿರಬೇಕು, ಕೆಲವನ್ನು ಮಾತ್ರ ಓದುತ್ತಿದೆ ಅನ್ನಿಸಿತು. ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಬಿಚ್ಚಿ ಲೆನ್ಸ್ ಒರೆಸಿ 350 ರೂಪಾಯಿ ತಗೊಂಡರು. ಮನೆಗೆ ಬಂದು ಹಾಕಿದರೆ ಮತ್ತೆ ಅದೇ ಕೆಂಪು.

ಎರಡನೇ ಸಲ ಹೋದಾಗ ಡಿಸ್ಕನ್ನೂ ಒಯ್ದಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರ ತೋರಿಸಿದರು. 'ಎನ್‌ಟಿಎಸ್‌ಸಿ ಯು/ಸಿ' ಎಂದಿತ್ತು. ಅಂದರೆ ಅಮೆರಿಕದ ಡಿಸ್ಕ್. ನನ್ನದು 'ಪಿಎಎಲ್', ಅಂದರೆ ಯುರೋಪ್, ಭಾರತದ ಕಡೆಯ ಮೆಷಿನ್. ಪಿಎಸ್2 ಬೇರೆ ಪ್ರದೇಶದ ಡಿಸ್ಕನ್ನು ಒಪ್ಪುವುದಿಲ್ಲ. ಡಿಸ್ಕ್ ಸರಿಯಿತ್ತು, ಮೆಷಿನ್ನೂ ಸರಿಯಿತ್ತು, ಎರಡಕ್ಕೂ ಹೊಂದಾಣಿಕೆ ಇರಲಿಲ್ಲ ಅಷ್ಟೇ. ಬೇರೆ ಪ್ರದೇಶದ ಡಿಸ್ಕೂ ಓಡುವ ಹಾಗೆ ಚಿಪ್ ಹಾಕಿಸಿದ ಮೆಷಿನ್ ಇದ್ದವರಿಗೆ ಈ ತಲೆನೋವಿಲ್ಲ. ನನ್ನದಕ್ಕೆ ಚಿಪ್ ಇಲ್ಲ, ಹಾಕಿಸುವ ಮನಸ್ಸೂ ಇಲ್ಲ.

ಅಂಗಡಿಯವರನ್ನು ಕೇಳಿದರೆ ಹಳೇ ಮಾಲು ವಾಪಸ್ ತಗೊಳ್ಳಲ್ಲ ಎಂದರು. 900 ರೂಪಾಯಿ ಹೋಯಿತು. ಯಾವ ಪ್ರದೇಶದ ಡಿಸ್ಕ್ ಎಂದು ಅವರು ಒಂದು ಮಾತು ಹೇಳಬಹುದಿತ್ತು. ಸರಿಯಾದ ಡಿಸ್ಕ್ ಸಿಗಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು, ಅದಕ್ಕೆ 1,100 ಕೊಟ್ಟೆ. ನೀವು ಕೊಳ್ಳುವುದಾದರೆ ಡಬ್ಬಿಯದ್ದಲ್ಲ, ಡಿಸ್ಕಿನದೇ ಫೋಟೋ ಕೇಳಿ. ಡಬ್ಬಿ ಒಂದು ಕಡೆಯದು, ಒಳಗಿನ ಡಿಸ್ಕ್ ಇನ್ನೊಂದು ಕಡೆಯದು ಇರಬಹುದು. ನಿಮ್ಮ ಮೆಷಿನ್‌ನಲ್ಲಿ ಈಗ ಓಡುತ್ತಿರುವ ಅಸಲಿ ಡಿಸ್ಕ್ ಮೇಲೆ ಏನು ಬರೆದಿದೆಯೋ ಹೊಸದರ ಮೇಲೂ ಅದೇ ಇರಬೇಕು.

ಇಷ್ಟೆಲ್ಲ ಆದ ಮೇಲೂ ನನ್ನ ಓಟು ಪಿಎಸ್2ನ ಥರ್ಡ್ ಏಜ್‌ಗೇ.

ಲಾರ್ಡ್ ಆಫ್ ದ ರಿಂಗ್ಸ್‌ನ ಮೂರು ಸಿನಿಮಾಗಳು 2001ರಿಂದ 2003ರವರೆಗೆ ಬಂದವು. ಈ ಆಟ ಬಂದದ್ದು 2004ರ ನವೆಂಬರ್‌ನಲ್ಲಿ. ಇದರಲ್ಲಿ ನಾವು ಸಿನಿಮಾದ ನಾಯಕರಾದ ಫ್ರೋಡೋ ಅಲ್ಲ, ಆರಗಾರ್ನ್ ಅಲ್ಲ. ಬೋರೋಮಿರ್‌ನನ್ನು ಹುಡುಕಿಕೊಂಡು ಹೊರಟ ಗೊಂಡೋರ್‌ನ ಬೆರೆತೋರ್ ಎಂಬ ಯೋಧ. ದಾರಿಯಲ್ಲಿ ಎಲ್ಫ್ ಕುಲದ ಹೆಣ್ಣು ಇಡ್ರಿಯಲ್, ಬಿಲ್ಲುಗಾರ ಎಲೆಗೋಸ್ಟ್, ಕುಳ್ಳ ಹಾಧೋದ್, ರೋಹಾನ್‌ನ ಮೋರ್ವೆನ್ ಮತ್ತು ಇಯಾವೋಡೆನ್ ಸೇರುತ್ತಾರೆ. ಉಂಗುರದ ತಂಡ ನಡೆದ ದಾರಿಯಲ್ಲೇ ಇವರೂ ಸ್ವಲ್ಪ ಹಿಂದೆ ನಡೆಯುತ್ತಾರೆ. ಸಿನಿಮಾದಲ್ಲಿ ಎರಡು ನಿಮಿಷ ಕಂಡು ಮರೆಯಾದ ಜಾಗದಲ್ಲಿ ಇಲ್ಲಿ ಗಂಟೆಗಟ್ಟಲೆ ಓಡಾಡಬಹುದು. ಮೋರಿಯಾದ ಕತ್ತಲೆ ಕಂಬಗಳ ನಡುವೆ ನಾವಿಬ್ಬರೂ ಮೂರು ಭಾನುವಾರ ಕಳೆದೆವು.

ಕಲಿಯುವ ಕ್ರಮವೂ ಚೆನ್ನಾಗಿದೆ. ಒಂದು ವಿದ್ಯೆಯನ್ನು ಬಳಸಿದಷ್ಟೂ ಅದೇ ಸಾಲಿನ ಮುಂದಿನ ವಿದ್ಯೆ ಸಿಗುತ್ತದೆ. ಹಾಗಾಗಿ ಆರ್ಕ್‌ನಂಥ ಸಣ್ಣ ವೈರಿ ಬಂದರೂ ಸುಮ್ನೆ ಕತ್ತಿ ಬೀಸಿ ಮುಗಿಸಬೇಡಿ. ಇಡ್ರಿಯಲ್‌ಗೆ 'ಔರಾ ಆಫ್ ದ ವಾಲಾರ್' ಬರುವವರೆಗೆ ಅವಳ ಮಂತ್ರಗಳನ್ನೇ ಬಳಸಿ. ಅದು ಹಾಕಿದ್ದರೆ ಬಿದ್ದವರು ತಾವಾಗೇ ಎದ್ದು ನಿಲ್ಲುತ್ತಾರೆ. "ಅಣ್ಣ, ಇಡ್ರಿಯಲ್ ನಂಗೇ ಬಿಡು, ನೀನು ಹಾಕೋದು ಮರೀತೀಯ" ಎಂದು ತಂಗಿ ಅವಳನ್ನು ಇಟ್ಟುಕೊಂಡಳು. ಅವಳು ಹೇಳಿದ್ದು ಸರಿಯೇ.

ಒಂದು ಊರು ಮುಗಿಸಿದರೆ ಅದನ್ನೇ ವೈರಿಗಳ ಕಡೆಯಿಂದ ಆಡುವ ಈವಿಲ್ ಮೋಡ್ ಇದೆ. ಗೆದ್ದರೆ ಅಸಲಿ ಆಟಕ್ಕೆ ಸಾಮಾನು ಸಿಗುತ್ತದೆ. ಬಿಡಬೇಡಿ.

ಕೊರತೆ ಕಥೆಯಲ್ಲಿದೆ. ಆಟ ಮಾಡಿದ ಇಎ ಕಂಪನಿಯ ಕೈಯಲ್ಲಿ ಆಗ ಇದ್ದದ್ದು ಸಿನಿಮಾದ ಹಕ್ಕು ಮಾತ್ರ, ಪುಸ್ತಕದ್ದಲ್ಲ. ಅದಕ್ಕೆ ಸಿನಿಮಾದ ತುಣುಕುಗಳನ್ನೇ ಜೋಡಿಸಿ ಗ್ಯಾಂಡಾಲ್ಫ್ ದನಿಯಲ್ಲಿ ಕಥೆ ಹೇಳಿಸುತ್ತಾರೆ. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಇಯಾನ್ ಮೆಕೆಲನ್ ಅವರ ದನಿ ಕೇಳಲು ಚೆಂದ, ನಿಜ. ಆದರೆ ಬೆರೆತೋರ್ ಮತ್ತು ಇಡ್ರಿಯಲ್ ತಮ್ಮ ತಮ್ಮಲ್ಲಿ ಇನ್ನೂ ಜಾಸ್ತಿ ಮಾತಾಡಬೇಕಿತ್ತು. ಸಿನಿಮಾ ನೋಡದವರಿಗೆ ಅರ್ಧ ಕಥೆ ತಿಳಿಯುವುದಿಲ್ಲ.

ಇನ್ನು ಗೇಮ್ ಬಾಯ್ ಅಡ್ವಾನ್ಸ್‌ನದು. ಹೆಸರು ಅದೇ ಇದ್ದುದರಿಂದ ಅದೇ ಆಟ ಚಿಕ್ಕದಾಗಿ ಬಂದಿದೆ, ರೈಲಿನಲ್ಲಿ ಮುಂದುವರಿಸಬಹುದು ಎಂದು ಕೊಂಡೆ. ಪೂರ್ತಿ ಬೇರೆ ಆಟ. ಚೌಕಗಳ ಮೇಲೆ ಸೈನ್ಯ ನಡೆಸುವುದು, ಚದುರಂಗದ ಹಾಗೆ. ಒಳ್ಳೆಯವರ ಕಡೆಯೋ ಕೆಟ್ಟವರ ಕಡೆಯೋ ನೀವೇ ಆರಿಸಿಕೊಳ್ಳಬೇಕು. ಬೆರೆತೋರ್ ತಂಡ ಹೆಜ್ಜೆ ಹೆಜ್ಜೆಗೂ ನಡೆದು ಬೆಳೆಯುವ ಆ ಪಯಣ ಇಲ್ಲಿಲ್ಲ. ಕೆಟ್ಟ ಆಟವೇನಲ್ಲ, ನಾನು ಹುಡುಕುತ್ತಿದ್ದದ್ದು ಇದಲ್ಲ. ಒಂದು ಅನುಕೂಲ ಮಾತ್ರ ದೊಡ್ಡದು: ಈ ಕಾರ್ಟ್ರಿಡ್ಜ್‌ಗೆ ಪ್ರದೇಶದ ಬೀಗವಿಲ್ಲ. ಎಲ್ಲಿಯದಾದರೂ ಓಡುತ್ತದೆ, ನಿಂಟೆಂಡೋದ ಆಮೇಲಿನ ಕೈಮೆಷಿನ್ ಡಿಎಸ್ ಲೈಟ್‌ನ ಕೆಳಗಿನ ಸ್ಲಾಟ್‌ಗೂ ಹೋಗುತ್ತದೆ. ನಕಲಿ ಮಾಲು ತುಂಬಾ ಇದೆ, ನೋಡಿ ತಗೊಳ್ಳಿ.

ಫೈನಲ್ ಫ್ಯಾಂಟಸಿ 10 ಬಂದದ್ದು 2001ರಲ್ಲಿ. ಥರ್ಡ್ ಏಜ್‌ನ ಕಾಳಗ ಇದರ ದಾರಿಯಲ್ಲೇ ನಡೆದಿದೆ ಎಂದು ಹತ್ತು ನಿಮಿಷ ಆಡಿದರೆ ತಿಳಿಯುತ್ತದೆ. ಮುಂದೆ ಯಾರ ಸರದಿ ಎಂಬ ಪಟ್ಟಿ ತೆರೆಯ ಅಂಚಿನಲ್ಲೇ ಇರುತ್ತದೆ. ಕಾಳಗದ ಮಧ್ಯೆಯೇ ಒಬ್ಬರನ್ನು ಹಿಂದೆ ಕರೆದು ಇನ್ನೊಬ್ಬರನ್ನು ಇಳಿಸಬಹುದು. ಹಾರುವ ಪ್ರಾಣಿಗೆ ವಾಕಾನ ಚೆಂಡು, ಗಟ್ಟಿ ಚಿಪ್ಪಿನದಕ್ಕೆ ಆರನ್‌ನ ಕತ್ತಿ, ಹೀಗೆ ಎಲ್ಲರಿಗೂ ಕೆಲಸವಿದೆ. ಕಥೆಯ ವಿಷಯದಲ್ಲಿ ಥರ್ಡ್ ಏಜ್ ಇದರ ಹತ್ತಿರವೂ ಬರುವುದಿಲ್ಲ. ನಾಯಕಿ ಯೂನಾಳ ಯಾತ್ರೆಯ ಕೊನೆ ಏನೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಆದರೆ ಪಿಎಸ್2ನಲ್ಲಿ ಇದರ ಕಥಾದೃಶ್ಯಗಳನ್ನು ಹಾರಿಸಲು ಆಗುವುದಿಲ್ಲ. ಯುನಾಲೆಸ್ಕಾ ಎಂಬ ದೊಡ್ಡ ವೈರಿಯ ಎದುರು ನಾನು ಐದು ಸಲ ಸೋತೆ. ಅವಳು ಮೂರನೇ ರೂಪಕ್ಕೆ ಬಂದು 'ಮೆಗಾ ಡೆತ್' ಹಾಕಿದಾಗ ಜಾಂಬಿ ಆಗಿರದವರೆಲ್ಲ ಸಾಯುತ್ತಾರೆ, ಅದು ತಿಳಿದಿರಲಿಲ್ಲ. ಸೋತಾಗಲೆಲ್ಲ ಆ ಉದ್ದದ ದೃಶ್ಯವನ್ನು ಮೊದಲಿಂದ ನೋಡಬೇಕು. ಒಂದು ಗಂಟೆಯ ಆಟದಲ್ಲಿ ಅದೇ ಜಾಸ್ತಿ ಹೊತ್ತು ತಿನ್ನುತ್ತಿತ್ತು. ಇಬ್ಬರು ಆಡುವ ದಾರಿಯಂತೂ ಇಲ್ಲ. ತಂಗಿ ಪಕ್ಕದಲ್ಲಿ ಕೂತು ನೋಡಿ ನೋಡಿ ಎದ್ದು ಹೋದಳು.

ಒಬ್ಬರೇ ಆಡುವವರು, ಹಳೇ ಮೆಷಿನ್ ಇಲ್ಲದವರು ಫೈನಲ್ ಫ್ಯಾಂಟಸಿ 10 ತಗೊಳ್ಳಿ. ಅದು ಹೊಸ ರೂಪದಲ್ಲಿ ಪಿಸಿ, ಸ್ವಿಚ್ ಎಲ್ಲದಕ್ಕೂ ಬಂದಿದೆ, ಡಿಸ್ಕ್ ಹುಡುಕುವ ಕಷ್ಟವಿಲ್ಲ. ಥರ್ಡ್ ಏಜ್ ಹಾಗೆ ಮತ್ತೆ ಬಂದಿಲ್ಲ, ಹಳೇ ಡಿಸ್ಕೇ ಗತಿ. ಪಿಎಸ್2 ಮತ್ತು ಎರಡು ಕಂಟ್ರೋಲರ್ ಮನೆಯಲ್ಲಿದ್ದು, ಜೊತೆಗೆ ಕೂರುವವರು ಇದ್ದರೆ 1,500 ರೂಪಾಯಿವರೆಗೆ ಧೈರ್ಯವಾಗಿ ಕೊಡಿ. ಅದಕ್ಕಿಂತ ಜಾಸ್ತಿ ನಾನಾದರೂ ಕೊಡುತ್ತಿರಲಿಲ್ಲ.

ಎರಡನೇ ಸುತ್ತು ಶುರು ಮಾಡಿ ಈಗ ಹೆಲ್ಮ್ಸ್ ಡೀಪ್‌ನಲ್ಲಿ ಸೇವ್ ಮಾಡಿ ನಿಲ್ಲಿಸಿದ್ದೇವೆ. ತಂಗಿ ಹಾಸ್ಟೆಲ್‌ನಿಂದ ದಸರಾ ರಜಕ್ಕೆ ಬರುತ್ತಾಳೆ. ಅಲ್ಲಿಯವರೆಗೆ ಆ ಮೆಮೊರಿ ಕಾರ್ಡ್ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.