ಬ್ಲೀಚ್ ಕೂದಲಿನ ಹಳದಿಗೆ ಯಾವುದು ವಾಸಿ: ಪರ್ಪಲ್ ಶಾಂಪೂ, ಟೋನರ್, ಕಂಡೀಷನರ್‌ಗೆ ಬೆರೆಸಿದ ನೇರಳೆ

ಮೊದಲೇ ಹೇಳಿಬಿಡುತ್ತೇನೆ, ಈ ಮೂರರಲ್ಲಿ ನನ್ನ ಓಟು ಕೊನೆಯದಕ್ಕೆ. ಬಿಳಿ ಕಂಡೀಷನರ್‌ಗೆ ಚೂರೇ ಚೂರು ನೇರಳೆ ಸೆಮಿ-ಪರ್ಮನೆಂಟ್ ಬಣ್ಣ ಕಲಸಿ ಹಚ್ಚುವುದು ಅಗ್ಗ. ಕೂದಲನ್ನು ಒಣಗಿಸುವುದಿಲ್ಲ. ಹೆಚ್ಚುಕಮ್ಮಿಯಾದರೂ ಕೆಲವು ತಲೆಸ್ನಾನದಲ್ಲಿ ಇಳಿದುಹೋಗುತ್ತದೆ. ಉಳಿದೆರಡೂ ಕೆಟ್ಟವಲ್ಲ, ಆದರೆ ಅಂಗಡಿಯವರು ಹೇಳುವಷ್ಟು ಸುಲಭವೂ ಅಲ್ಲ.

ದುಡ್ಡು ಖರ್ಚು ಮಾಡುವ ಮುಂಚೆ ಕಿಟಕಿ ಪಕ್ಕ, ಹಗಲು ಬೆಳಕಿನಲ್ಲಿ ಕೂದಲು ನೋಡಿಕೊಳ್ಳಿ. ಬಚ್ಚಲಿನ ಬಲ್ಬಿನ ಕೆಳಗೆ ಎಲ್ಲವೂ ಹಳದಿಯೇ. ನಮ್ಮ ಕಪ್ಪು ಕೂದಲು ಬ್ಲೀಚ್ ಹಾಕಿದ ಕೂಡಲೇ ಬಿಳಿಯಾಗುವುದಿಲ್ಲ, ಕೆಂಪು, ಕಿತ್ತಳೆ, ಹಳದಿ ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಸಲೂನಿನವರು 1ರಿಂದ 10ರವರೆಗೆ ಎಣಿಸುವ ಲೆಕ್ಕದಲ್ಲಿ 7 ಕಿತ್ತಳೆ, 8 ಕಿತ್ತಳೆ ಬೆರೆತ ಹಳದಿ, 9 ಹಳದಿ, 10 ತೀರಾ ತಿಳಿ ಹಳದಿ. ನೇರಳೆ ಬಣ್ಣ ಅಡಗಿಸುವುದು ಹಳದಿಯನ್ನು ಮಾತ್ರ. ಕಿತ್ತಳೆಗೆ ನೀಲಿ ಬೇಕು. 7ರಲ್ಲಿ ನಿಂತ ಕೂದಲಿಗೆ ಎಷ್ಟು ಪರ್ಪಲ್ ಶಾಂಪೂ ತಿಕ್ಕಿದರೂ ಬಾಟಲಿ ಖಾಲಿಯಾಗುತ್ತದೆ ಅಷ್ಟೇ. ಇನ್ನೊಂದು ಮಾತು: ಈ ಯಾವುದೂ ಕೂದಲನ್ನು ಇನ್ನಷ್ಟು ತಿಳಿಯಾಗಿಸುವುದಕ್ಕೆ ಇರುವುದಲ್ಲ. ಹಳದಿಯ ಮೇಲೆ ನೇರಳೆ ಕೂತರೆ ಹಳದಿ ಮಂಕಾಗುತ್ತದೆ, ಕೂದಲು ಒಂದು ಚೂರು ಗಾಢವಾಗಿಯೇ ಕಾಣುತ್ತದೆ.

ಪರ್ಪಲ್ ಶಾಂಪೂ ಎಲ್ಲರೂ ಮೊದಲು ಕೊಳ್ಳುವ ವಸ್ತು. ಟೋನ್ ಮಾಡಿದ, ಅಂದರೆ ಹಳದಿ ಅಡಗಿಸಿದ ಬಣ್ಣವನ್ನು ಕಾಪಾಡಿಕೊಳ್ಳಲು ಅದು ಸರಿ, ಹೊಸದಾಗಿ ಬ್ಲೀಚ್ ಮಾಡಿದ ಗಟ್ಟಿ ಹಳದಿಯನ್ನು ತೆಗೆಯಲು ಸಾಲದು. ಒಂದೇ ಬಾಟಲಿಯಲ್ಲಿ ಬಣ್ಣ ಕೂರಿಸುವ ವಸ್ತುವೂ ಇದೆ, ತೊಳೆದು ಹಾಕುವ ನೊರೆಯೂ ಇದೆ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ. ಬೆಂಗಳೂರಿನಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಮನೆಗಳಲ್ಲಿ ಇದರ ಜೊತೆ ಮತ್ತೊಂದು ಪೀಡೆ: ಗಡಸು ನೀರಿನಲ್ಲಿ ನೊರೆ ಸರಿಯಾಗಿ ಏಳುವುದಿಲ್ಲ, ನೊರೆ ಹರಡದ ಕಡೆ ಬಣ್ಣವೂ ಹರಡುವುದಿಲ್ಲ. ನೆತ್ತಿಯ ಹತ್ತಿರ ಹಳದಿ ಹಾಗೇ ಉಳಿದು, ಬ್ಲೀಚಿನಿಂದ ಬಳಲಿದ ತುದಿಗಳು ಮಾತ್ರ ಬೂದು ನೇರಳೆಯಾಗುವುದು ಹೀಗೆ. ತುದಿಗೆ ಮೊದಲೇ ಸ್ವಲ್ಪ ಬಿಳಿ ಕಂಡೀಷನರ್ ಸವರಿ, ಶಾಂಪೂವನ್ನು ಮಗ್ಗಿನಲ್ಲಿ ನೀರು ಸೇರಿಸಿ ನೊರೆ ಬರಿಸಿಕೊಂಡು, ಹಳದಿ ಹೆಚ್ಚಿರುವ ಕಡೆಯಿಂದ ಹಚ್ಚುತ್ತಾ ಬಂದು, ತುದಿಯನ್ನು ಕೊನೆಯ ಒಂದು ನಿಮಿಷಕ್ಕೆ ಬಿಟ್ಟರೆ ಕಲೆ ಬೀಳುವುದು ಬಹಳ ಕಡಿಮೆ. ಒಟ್ಟು ಮೂರರಿಂದ ಐದು ನಿಮಿಷ, ಅದೂ ವಾರಕ್ಕೊಮ್ಮೆ ಸಾಕು.

ಇನ್ನು ಡೆವಲಪರ್, ಅಂದರೆ ಪೆರಾಕ್ಸೈಡ್ ಇರುವ ದ್ರವದ ಜೊತೆ ಕಲಸಿ ಹಚ್ಚುವ ಬಣ್ಣ, ಟೋನರ್. ಫಲಿತಾಂಶ ಒಂದನ್ನೇ ನೋಡುವುದಾದರೆ ಇದನ್ನು ಮೀರಿಸಿದ್ದು ಇಲ್ಲ. ಎಲ್ಲರ ಬಾಯಲ್ಲೂ ಇರುವ ವೆಲ್ಲಾ ಟಿ18 ಒಂದು ಭಾಗಕ್ಕೆ 20 ವಾಲ್ಯೂಮ್, ಅಂದರೆ ಶೇ. 6ರ ಡೆವಲಪರ್ ಎರಡು ಭಾಗ. 42 ಮಿ.ಲೀ. ಬಾಟಲಿಗೆ 84 ಮಿ.ಲೀ. ಆಯಿತು. ಟವೆಲ್‌ನಲ್ಲಿ ಒತ್ತಿ ಒರೆಸಿದ, ಇನ್ನೂ ತೇವ ಇರುವ ಕೂದಲಿಗೆ ಹಚ್ಚಿ, ಐದೈದು ನಿಮಿಷಕ್ಕೆ ಒಂದು ಎಳೆಯನ್ನು ಟಿಶ್ಯೂವಿನಿಂದ ಒರೆಸಿ ನೋಡಬೇಕು. 30 ನಿಮಿಷ ಮೀರಬಾರದು. ತಲೆಯ ಮೇಲಿನ ಮಿಶ್ರಣ ಕಡು ನೇರಳೆಯಾದರೆ ಗಾಬರಿ ಬೇಡ, ಲೆಕ್ಕಕ್ಕೆ ಬರುವುದು ಒರೆಸಿದ ಎಳೆಯ ಬಣ್ಣ.

ಆದರೆ ಅದರಲ್ಲಿ ಅಮೋನಿಯಾ ಇದೆ. ಅಮೋನಿಯಾ, ಶೇ. 6 ಪೆರಾಕ್ಸೈಡ್ ಎರಡೂ ಸೇರಿ, ಬುಡದಲ್ಲಿ ಹೊಸದಾಗಿ ಬೆಳೆದ ಕಪ್ಪು ಕೂದಲಿಗೆ ತಾಗಿದರೆ ಅದನ್ನು ಕೆಂಪು ಕಂದು ಮಾಡಿಬಿಡುತ್ತವೆ. ಹೊಂಬಣ್ಣದ ಕೂದಲಿನವರಿಗೆ ಇದು ಅಷ್ಟಾಗಿ ಕಾಣದು, ನಮ್ಮ ತಲೆಯಲ್ಲಿ ಪಟ್ಟಿ ಎಳೆದ ಹಾಗೆ ಎದ್ದು ಕಾಣುತ್ತದೆ. ಕಪ್ಪು ಬುಡ ಬಿಟ್ಟುಕೊಂಡಿರುವವರು ಅಮೋನಿಯಾ ಇಲ್ಲದ, ಆಮ್ಲೀಯ ಗುಣದ ಟೋನರ್ ತೆಗೆದುಕೊಳ್ಳುವುದು ಒಳ್ಳೆಯದು. ಲೋರಿಯಾಲ್ ಡಯಾ ಲೈಟ್ ಅಂಥದ್ದು, ಅದನ್ನು ಅದರದೇ ಡೆವಲಪರ್ ಜೊತೆ 1ಕ್ಕೆ 1.5 ಕಲಸುತ್ತಾರೆ. ನಂಬರ್ ನೋಡಿಯೇ ಕೊಳ್ಳಿ. ಲೋರಿಯಾಲ್‌ನಲ್ಲಿ ಚುಕ್ಕಿಯ ನಂತರ 2 ಇದ್ದರೆ ನೇರಳೆ ಛಾಯೆ, ವೆಲ್ಲಾದಲ್ಲಿ ಗೀಟಿನ ನಂತರ 6 ಇದ್ದರೆ ನೇರಳೆ. ಬರೀ ‘ಆಶ್’ (ಬೂದಿ ಛಾಯೆ) ಎಂಬ ಹೆಸರು ನಂಬಿ ಆ ಜಾಗದಲ್ಲಿ 1 ಇರುವುದನ್ನು ತಂದರೆ ಅದರ ನೀಲಿ ನಿಮ್ಮ ಹಳದಿಯ ಜೊತೆ ಸೇರಿ ಹಸಿರು ಮಿಣುಕುತ್ತದೆ. ಒದ್ದೆ ಎಳೆಯೊಂದನ್ನು ಮೆಲ್ಲಗೆ ಎಳೆದಾಗ ಅದು ರಬ್ಬರಿನಂತೆ ಜಗ್ಗಿ ವಾಪಸ್ ಬರದಿದ್ದರೆ ಡೆವಲಪರ್ ಇರುವ ಯಾವುದನ್ನೂ ಮುಟ್ಟಬೇಡಿ. ಅಲರ್ಜಿ ಪರೀಕ್ಷೆ 48 ಗಂಟೆ ಮೊದಲೇ ಆಗಬೇಕು, ಇದರಲ್ಲಿ ರಾಜಿಯಿಲ್ಲ.

ಈಗ ನನ್ನ ಆಯ್ಕೆ. ಬಣ್ಣವಿಲ್ಲದ ಬಿಳಿ ಕಂಡೀಷನರ್ 100 ಗ್ರಾಂ, ಡೆವಲಪರ್ ಬೇಡದ ನೇರಳೆ ಕ್ರೀಮ್ ಬಣ್ಣ ಕಾಲು ಟೀ ಚಮಚ. ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಗೆರೆ ಉಳಿಯದಂತೆ ಕಲಸಬೇಕು. 10ರ ತಿಳಿ ಹಳದಿಗೆ ಅಷ್ಟು ಸಾಕು. 9ರ ಹಳದಿಗೆ ಬಣ್ಣ ಸ್ವಲ್ಪಸ್ವಲ್ಪವೇ ಸೇರಿಸುತ್ತಾ, ಬಟ್ಟಲಲ್ಲಿರುವುದು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ಬಂದಾಗ ನಿಲ್ಲಿಸಿ. ಕ್ರೀಮಿನಿಂದ ಕ್ರೀಮಿಗೆ ಸಾಂದ್ರತೆ ಬೇರೆ, ಹಾಗಾಗಿ ಚಮಚಕ್ಕಿಂತ ಕಣ್ಣೇ ಅಳತೆ.

ಇದರ ಒಂದೇ ಒಂದು ಕಾಟ, ಆದರೆ ದೊಡ್ಡ ಕಾಟ, ಗುಲಾಬಿ. ಡಬ್ಬಿಯ ಮೇಲೆ ‘ವಯೊಲೆಟ್’, ‘ಪರ್ಪಲ್’ ಎಂದು ಬರೆದಿರುವ ಎಷ್ಟೋ ಕ್ರೀಮ್‌ಗಳಲ್ಲಿ ಕೆಂಪಿನ ಪಾಲು ಜಾಸ್ತಿ. ಗಟ್ಟಿಯಾಗಿ ಹಚ್ಚಿದರೆ ನೇರಳೆಯಾಗಿಯೇ ಕಾಣುತ್ತದೆ, ಕಂಡೀಷನರ್‌ನಲ್ಲಿ ತೆಳುವಾದ ಕೂಡಲೇ ಒಳಗಿನ ಕೆಂಪು ಹೊರಗೆ ಬರುತ್ತದೆ. ಹಳದಿ ಹೋಗುವ ಬದಲು ಕೂದಲು ಪೀಚ್ ಬಣ್ಣಕ್ಕೆ ತಿರುಗುತ್ತದೆ. ಆಗ ಜನ ಬಣ್ಣ ಸಾಲಲಿಲ್ಲ ಎಂದುಕೊಂಡು ಇನ್ನೂ ಒಂದು ಚಮಚ ಸೇರಿಸುತ್ತಾರೆ, ಪೀಚ್ ಹೋಗಿ ಗುಲಾಬಿಯೇ ಆಗುತ್ತದೆ.

ತಪ್ಪಿಸುವ ದಾರಿ ಇದೆ. ಡಬ್ಬಿ ತೆರೆದ ಕೂಡಲೇ ಒಂದು ಹನಿ ಬಣ್ಣವನ್ನು ಬಿಳಿ ಟಿಶ್ಯೂ ಮೇಲಿಟ್ಟು ಬೆರಳಿನಿಂದ ಉದ್ದಕ್ಕೆ ಎಳೆಯಿರಿ. ನಡುವೆ ಎಲ್ಲ ಕ್ರೀಮೂ ಒಂದೇ ಥರ, ಗುಟ್ಟು ರಟ್ಟಾಗುವುದು ತೆಳುವಾಗಿ ಮುಗಿಯುವ ಅಂಚಿನಲ್ಲಿ. ಅಂಚು ನೀಲಿಯತ್ತ ವಾಲಿದರೆ ನಿಶ್ಚಿಂತೆಯಿಂದ ಬಳಸಿ. ಗುಲಾಬಿಯಾದರೆ ಅದೇ ಕಂಪನಿಯ ನೀಲಿಯನ್ನು ಟೂತ್‌ಪಿಕ್ ತುದಿಯಲ್ಲಿ ಎತ್ತಿ ಸೇರಿಸಿ, ಮತ್ತೆ ಟಿಶ್ಯೂ ಮೇಲೆ ಎಳೆದು ನೋಡಿ. ಚಮಚದಲ್ಲಿ ನೀಲಿ ಸುರಿದರೆ ಹಸಿರಾಗುತ್ತದೆ, ಅದನ್ನು ಇಳಿಸುವುದು ಗುಲಾಬಿಗಿಂತ ಕಷ್ಟ. ಕೊನೆಗೆ ಕತ್ತಿನ ಹಿಂದೆ, ಒಳಗಿನ ಒಂದು ಎಳೆಗೆ ಹಚ್ಚಿ ಹತ್ತು ನಿಮಿಷ ಬಿಟ್ಟು, ತೊಳೆದು, ಪೂರ್ತಿ ಒಣಗಿಸಿ ನೋಡಿದ ಮೇಲೆಯೇ ತಲೆಗೆ ಕೈ ಹಾಕಿ. ಒದ್ದೆ ಕೂದಲು ಬಣ್ಣವನ್ನು ಗಾಢವಾಗಿ ತೋರಿಸುತ್ತದೆ, ಅದನ್ನು ನಂಬಬಾರದು.

ಹಚ್ಚುವಾಗ ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿ. ಅಗಲ ಹಲ್ಲಿನ ಬಾಚಣಿಗೆಯಿಂದ ಎಳೆಎಳೆಗೂ ಮುಟ್ಟಿಸಿ. ಹದಿನೈದು ನಿಮಿಷ ಬಿಟ್ಟು, ಶಾಂಪೂ ಇಲ್ಲದೆ ತಣ್ಣೀರಿನಲ್ಲಿ ತೊಳೆಯಿರಿ. ಟೋನರ್‌ಗಿಂತ ಬೇಗ ಇಳಿಯುತ್ತದೆ, ನಿಜ. ಆದರೆ ಮತ್ತೆ ಹಚ್ಚಿದರೆ ಕೂದಲಿಗೆ ಹಾನಿಯಿಲ್ಲ, ಡೆವಲಪರ್ ಬಗ್ಗೆ ಈ ಮಾತು ಹೇಳಲು ಬರುವುದಿಲ್ಲ.

ಯಾವುದನ್ನೇ ಆರಿಸಿದರೂ ನೀರಿನ ವಿಷಯ ಬಿಡುವಂತಿಲ್ಲ. ಬೋರ್‌ವೆಲ್ ನೀರಿನ ಕಬ್ಬಿಣ, ಕ್ಯಾಲ್ಸಿಯಂ ಕೂದಲಿನ ಮೇಲೆ ಕೂತು ಹಳದಿಯನ್ನು ವಾಪಸ್ ಕರೆತರುತ್ತವೆ. ಟೋನ್ ಮಾಡುವ ದಿನ ಮೊದಲು ‘ಚೀಲೇಟಿಂಗ್’ ಎಂದು ಬರೆದಿರುವ, ಕೂದಲಿಗೆ ಅಂಟಿದ ಇಂಥವನ್ನು ತೆಗೆಯುವ ಶಾಂಪೂವಿನಲ್ಲಿ ತೊಳೆದರೆ ಬಣ್ಣ ಸಮನಾಗಿ ಕೂರುತ್ತದೆ. ಕೊನೆಯ ಎರಡು ಮಗ್ ಫಿಲ್ಟರ್ ನೀರಾದರೆ ಇನ್ನೂ ಒಳ್ಳೆಯದು. ಹಳದಿ ಬಣ್ಣದ ತಲೆಎಣ್ಣೆಗಳನ್ನು ದೂರವಿಡಿ. ಬಟ್ಟೆಗೆ ಹಾಕುವ ನೀಲಿಯನ್ನು ತಲೆಗೆ ಹಾಕಲೇಬೇಡಿ, ಅದು ಚರ್ಮಕ್ಕೆಂದು ಮಾಡಿದ ವಸ್ತುವಲ್ಲ.

ವಾರಕ್ಕೊಂದೆರಡು ಬಾರಿ ತಲೆಸ್ನಾನ, ಬಕೆಟ್ ನೀರು, ತಿಂಗಳ ಖರ್ಚಿಗೆ ಮಿತಿ ಇರುವ ನನ್ನಂಥವರಿಗೆ ಕಂಡೀಷನರ್ ಸಾಕು. ಮದುವೆಗೋ ಫೋಟೋಗೋ ಒಂದೇ ದಿನಕ್ಕೆ ಬೆಳ್ಳಿಯಂತೆ ಬೇಕು, ಕೂದಲೂ 10ರಲ್ಲಿ ಗಟ್ಟಿಯಾಗಿದೆ ಎಂದರೆ ಟೋನರ್ ತೆಗೆದುಕೊಳ್ಳಿ. ದಿನಾ ತಲೆಗೆ ನೀರು ಹಾಕುವವರು ಪರ್ಪಲ್ ಶಾಂಪೂ ಒಂದನ್ನು ಜೊತೆಗಿಟ್ಟುಕೊಳ್ಳಬಹುದು.

ಕಲಸಿ ಉಳಿದ ಟೋನರ್ ಅಂದೇ ಚೆಲ್ಲಬೇಕು, ಮುಚ್ಚಿಟ್ಟರೆ ಡಬ್ಬಿ ಉಬ್ಬುತ್ತದೆ. ಉಳಿದ ಕಂಡೀಷನರ್ ಮಿಶ್ರಣವನ್ನು ನೀರು ತಾಗದ ಮುಚ್ಚಳದ ಡಬ್ಬಿಯಲ್ಲಿಟ್ಟು, ಪ್ರಮಾಣವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಮುಂದಿನ ಸಲ ಒಣ ಚಮಚದಲ್ಲಿ ತೆಗೆಯಿರಿ.