ಝೂಲೇಕ್ ಮಾಡೆಲ್: ಕೋಲಾರದ ಮೀನುಮರಿ ಹೊಂಡದಲ್ಲಿ ಬಳಸಿ ನೋಡಿದ ಮೇಲೆ

50 ಲೀಟರ್ ನೀರು ಸೋಸಿದರೆ ಬಲೆಯ ತಳದಲ್ಲಿ 1–2 ಮಿ.ಲೀ. ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಜೀವಿಗಳು) ಕೂರಬೇಕು, ಆಮೇಲೆ ಮರಿ ಬಿಡಬಹುದು. ಮೀನುಮರಿ ಸಾಕುವವರೆಲ್ಲ ಹಿಡಿಯುವ ಹಳೇ ಲೆಕ್ಕ ಇದು. ಕೂತಿದ್ದು ಏನು ಅಂತ ಮಾತ್ರ ಅದು ಹೇಳಲ್ಲ. ರೋಟಿಫರ್ ಅನ್ನುವ ಸೂಕ್ಷ್ಮಜೀವಿ ಇದ್ದರೆ ಕಾಟ್ಲಾ ಮರಿಗೆ ಊಟ. ಸೈಕ್ಲಾಪ್ಸ್ ಅನ್ನುವ ಸಣ್ಣ ಸಿಗಡಿಜಾತಿಯ ಜೀವಿ ಇದ್ದರೆ ಅದೇ ಎಳೆಮರಿಗೆ ಕಚ್ಚಿ ಗಾಯ ಮಾಡುತ್ತೆ. ಚಿತ್ರ ನೋಡಿ ಪ್ಲಾಂಕ್ಟನ್ ಯಾವುದು ಅಂತ ಗುರುತಿಸುವ ಕಂಪ್ಯೂಟರ್ ಮಾಡೆಲ್ ಝೂಲೇಕ್‌ ಅನ್ನು ನಾನು ಹಿಡಿದಿದ್ದು ಈ ಒಂದು ಪ್ರಶ್ನೆಗಾಗಿ.

ಸ್ವಿಟ್ಜರ್ಲೆಂಡಿನ ಗ್ರೈಫನ್‌ಸೇ ಸರೋವರದಲ್ಲಿ ನೀರೊಳಗೆ ಇಳಿಸಿದ ಕ್ಯಾಮೆರಾ ತೆಗೆದ ಸುಮಾರು 18 ಸಾವಿರ ಚಿತ್ರ, 35 ವರ್ಗ, ಮಾಡೆಲ್ ಕಲಿತಿದ್ದು ಇವುಗಳಿಂದ. 2021ರಲ್ಲಿ ಪ್ರಬಂಧ ಬಂತು, ಅದರಲ್ಲಿ ಹೇಳಿರುವ ನಿಖರತೆ 98%. ಚಿತ್ರ, ಕೋಡ್ ಎರಡೂ ಉಚಿತ.

ಆದರೆ ಅದು ಕಲಿತಿದ್ದೆಲ್ಲ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಜೀವಿಗಳನ್ನು ನೋಡಿ. ನಮ್ಮ ಮೈಕ್ರೋಸ್ಕೋಪಿನ ಬಿಳಿ ಹಿನ್ನೆಲೆ ಕೊಟ್ಟರೆ ಮುಕ್ಕಾಲು ಪಾಲು 'ಕಸ' ಅಂತ ಬಂತು. ಮೈಕ್ರೋಸ್ಕೋಪಿನಲ್ಲಿ ಬೆಳಕು ಕೂಡಿಸುವ ಕಂಡೆನ್ಸರ್ ಮಸೂರದ ಕೆಳಗೆ ನಾಣ್ಯದಷ್ಟು ದುಂಡಗೆ ಕಪ್ಪು ಕಾಗದ ಕತ್ತರಿಸಿ ಇಟ್ಟೆ. ಬೆಳಕು ಪಕ್ಕದಿಂದಷ್ಟೇ ಬಿತ್ತು, ಸೈಕ್ಲಾಪ್ಸ್‌ನ ಎರಡು ಮೊಟ್ಟೆಚೀಲ ಬೆಳ್ಳಗೆ ಎದ್ದು ಕಂಡವು. ಅಲ್ಲಿಂದಾಚೆ ಸೈಕ್ಲಾಪ್ಸ್, ಅದರ ಮರಿ ನಾಪ್ಲಿಯಸ್, ಬ್ರಾಕಿಯೋನಸ್ (ಒಂದು ರೋಟಿಫರ್) ಮೂರನ್ನೂ ಚೆನ್ನಾಗಿಯೇ ಗುರುತಿಸುತ್ತಿದೆ. ನನಗೆ ಬೇಕಾಗಿದ್ದೂ ಅಷ್ಟೇ.

ಮೊಯ್ನಾ ಅನ್ನುವ ನೀರುಚಿಗಟ ಮಾತ್ರ ತೊಂದರೆ. ನಮ್ಮ ಹೊಂಡದಲ್ಲಿ ಅದು ಧಾರಾಳ, ಆ 35ರಲ್ಲಿ ಅದರ ಹೆಸರೇ ಇಲ್ಲ. ಮಾಡೆಲ್ ಹೇಗಾದರೂ ಒಂದು ಉತ್ತರ ಕೊಡಲೇಬೇಕಲ್ಲ, ಬಾಲದ ಮುಳ್ಳಿಲ್ಲದಿದ್ದರೂ ಅದರ ನೆಂಟ ಡಾಫ್ನಿಯಾ ಅಂತ ಧೈರ್ಯವಾಗಿ ಹೇಳುತ್ತೆ. ಎರಡೂ ಮರಿಗೆ ಆಹಾರವೇ, ಹಾಗಾಗಿ ನನಗೆ ನಷ್ಟವಿಲ್ಲ. ಕೆರೆಯ ನೀರಿನ ಗುಣ ಅಳೆಯುವವರಿಗೆ ಇದು ಸರಿಹೋಗಲ್ಲ. ಕೊನೆಗೆ ನಮ್ಮ ನೀರಿನದೇ ಚಿತ್ರಗಳಿಗೆ ಹೆಸರು ಹಚ್ಚಿ, ಮಾಡೆಲ್‌ನಲ್ಲಿ ಉತ್ತರ ಕೊಡುವ ಕೊನೇ ಪದರಕ್ಕಷ್ಟೇ ಮತ್ತೆ ತರಬೇತಿ ಕೊಡಿಸಿದೆ. ಹೆಸರು ಹಚ್ಚುವ ಕೆಲಸ ಬೇಜಾರಿನದು, ಆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ವಿಶ್ವಾಸಾಂಕ (ತನ್ನ ಉತ್ತರದ ಬಗ್ಗೆ ಮಾಡೆಲ್‌ಗೇ ಇರುವ ಭರವಸೆ) ಕಡಿಮೆ ಬಂದ ಚಿತ್ರಗಳನ್ನು 'ಗೊತ್ತಿಲ್ಲ' ಅನ್ನುವ ಫೋಲ್ಡರ್‌ಗೆ ತಳ್ಳುವಂತೆಯೂ ಮಾಡಿಸಿದ್ದೇನೆ. ಈಗ ದಿನಾ ಮೊದಲು ತೆಗೆಯೋದು ಆ ಫೋಲ್ಡರನ್ನೇ.

ಮಳೆಗಾಲದಲ್ಲಿ ಕೆಮ್ಮಣ್ಣಿನ ನೀರು ಬಂದರೆ ಹೂಳಿನ ಕಣಗಳೇ ಚಿತ್ರ ತುಂಬಿಕೊಳ್ಳುತ್ತವೆ, ಆಗ ಇದನ್ನು ಬಳಸಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರುತ್ತಿರುವ ಕೆರೆಗಳವರು ಹಸಿರು ಪಾಚಿಯ ಬಗ್ಗೆ ಕೇಳುತ್ತಾರೆ. ಅದಕ್ಕೆ ಇದರಲ್ಲಿ 'ಸಯನೋ (ನೀಲಿ-ಹಸಿರು ಪಾಚಿ) ಇರಬಹುದು' ಅನ್ನುವಂಥ ವರ್ಗ ಇದೆ ಅಷ್ಟೇ. ಅದು ವಿಷ ಬಿಡಬಲ್ಲ ಮೈಕ್ರೋಸಿಸ್ಟಿಸ್ ಹೌದೋ ಅಲ್ಲವೋ ಅಂತ ನೀವೇ ಕಣ್ಣಿಟ್ಟು ನೋಡಬೇಕು. ಮರಿ ಸಾಕುವವರು ಧಾರಾಳವಾಗಿ ತಗೊಳ್ಳಿ. ಐದಕ್ಕೆ ಮೂರೂವರೆ.